ಗೋಡೆಗೆ ಗೋಡೆ ಕೊಟ್ಟ ಮನೆಗಳು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನ ಹಳೆಯ ಊರುಗಳಲ್ಲಿ ಒಂಟಿ ಮನೆ ಅಪರೂಪ. ಲಿಂಗಸುಗೂರು, ಮುದಗಲ್ಲು, ಮಸ್ಕಿ, ಸಿಂಧನೂರಿನ ಹಳೆ ಓಣಿಗಳಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕಟ್ಟೆಗಳು ಒಂದೇ ಸಾಲು, ಮೇಲೆ ಮಣ್ಣಿನ ಮಾಳಿಗೆಗಳೂ ಒಂದೇ ಸಾಲು, ಬಾಗಿಲುಗಳಷ್ಟೇ ಬೇರೆ ಬೇರೆ. ಮಾಳಿಗೆ ಮನೆ, ಮೇಲ್ಮುದ್ದೆ ಮನೆ, ಮಣ್ಣಿನ ಮನೆ ಎಂದೆಲ್ಲ ಕರೆಸಿಕೊಳ್ಳುವ ಈ ಕಟ್ಟಡ ರಾಯಚೂರು ಸೀಮೆಯ ನಿಜವಾದ ವಾಸ್ತುಶಿಲ್ಪ. ಕೋಟೆ, ಗುಡಿ, ದರ್ಗಾಗಳ ಬಗ್ಗೆ ಬರೆದಷ್ಟು ಇದರ ಬಗ್ಗೆ ಯಾರೂ ಬರೆದಿಲ್ಲ. ಜನ ಹುಟ್ಟಿದ್ದು, ಬದುಕಿದ್ದು, ಕಾಳು ಕೂಡಿಟ್ಟದ್ದು ಮಾತ್ರ ಇದರೊಳಗೆ.

ಈ ಮನೆಯನ್ನು ಅಳೆಯುವ ಮಾತು ಅಂಕಣ. ಎರಡು ಸಾಲು ಕಂಬಗಳ ನಡುವಿನ, ಒಂದು ತೊಲೆಯಿಂದ ಇನ್ನೊಂದು ತೊಲೆಯವರೆಗಿನ ಜಾಗಕ್ಕೆ ಒಂದು ಅಂಕಣ ಎಂದು ಲೆಕ್ಕ. ಮೂರಂಕಣದ ಮನೆ, ಐದಂಕಣದ ಮನೆ ಎಂದರೆ ಕೇಳಿದವರಿಗೆ ಮನೆಯ ಗಾತ್ರವೂ ತಿಳಿಯುತ್ತದೆ, ಮನೆತನದ ಸ್ಥಿತಿಯೂ ತಿಳಿಯುತ್ತದೆ. ಚದರಡಿಯ ಲೆಕ್ಕ ಬರುವ ಮೊದಲು ಅಣ್ಣತಮ್ಮಂದಿರು ಪಾಲಾಗುವಾಗಲೂ ಅಂಕಣದ ಲೆಕ್ಕದಲ್ಲೇ ಪಾಲು ಮಾಡಿಕೊಳ್ಳುತ್ತಿದ್ದರು. ಅಂಕಣದ ಅಗಲವನ್ನು ಯಾವ ಶಾಸ್ತ್ರವೂ ನಿಗದಿ ಮಾಡಿದ್ದಲ್ಲ. ಊರಿನ ಸುತ್ತ ಸಿಗುವ ಬೇವು, ಜಾಲಿಯ ತೊಲೆ ಬಾಗದೆ ಎಷ್ಟು ಉದ್ದ ಹೊರಬಲ್ಲದೋ ಅಷ್ಟೇ ಅಂಕಣ. ತೇಗ ತರಿಸಬಲ್ಲ ಗೌಡ, ದೇಸಾಯಿ, ಸಾಹುಕಾರರ ವಾಡೆಗಳಲ್ಲಿ ಅಂಕಣ ದೊಡ್ಡದಾಯಿತು, ಕಂಬದ ಮೇಲಿನ ಬೋದಿಗೆಗೆ ಕೆತ್ತನೆ ಬಂತು. ಕಟ್ಟುವ ಕ್ರಮ ಮಾತ್ರ ಬಡವರ ಮನೆಯದೇ.

ಗೋಡೆಗೆ ಗೋಡೆ ಕೊಟ್ಟು ಸಾಲಾಗಿ ಕಟ್ಟುವ ಪದ್ಧತಿ ಜಗತ್ತಿನ ಬೇರೆ ಕಡೆಯೂ ಉಂಟು. ಅದರಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನ ಜಾರ್ಜಿಯನ್ ಸಾಲುಮನೆ. 1714ರಿಂದ 1830ರವರೆಗೆ ಅಲ್ಲಿ ಒಬ್ಬರ ನಂತರ ಒಬ್ಬರಂತೆ ನಾಲ್ವರು ಜಾರ್ಜ್ ದೊರೆಗಳು ಆಳಿದ ಕಾಲದ ಮನೆಗಳಿವು. 1666ರ ಬೆಂಕಿಯಲ್ಲಿ ಲಂಡನ್ ನಗರದ ಬಹುಪಾಲು ಸುಟ್ಟುಹೋದ ಮೇಲೆ ಮರದ ಮನೆ ಬೇಡ, ಇಟ್ಟಿಗೆ ಅಥವಾ ಕಲ್ಲಿನ ಮನೆಯೇ ಆಗಬೇಕು, ಎರಡು ಮನೆಗಳ ನಡುವಿನ ಗೋಡೆ ಇಂತಿಷ್ಟು ದಪ್ಪ ಇರಬೇಕು ಎಂದು ಕಾನೂನು ಬಂತು. 1774ರ ಕಟ್ಟಡ ಕಾನೂನು ಲಂಡನ್ನಿನ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಪ್ರತಿ ದರ್ಜೆಗೂ ಗೋಡೆಯ ದಪ್ಪವನ್ನು ಬರೆದಿಟ್ಟಿತು. ಬಾತ್ ಪಟ್ಟಣದಲ್ಲಿ 1767ರಿಂದ 1774ರ ನಡುವೆ ಕಿರಿಯ ಜಾನ್ ವುಡ್ ಕಟ್ಟಿಸಿದ ರಾಯಲ್ ಕ್ರೆಸೆಂಟ್‌ನಲ್ಲಿ 30 ಮನೆಗಳು ಅರ್ಧಚಂದ್ರಾಕಾರದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮುಂದಿನ ಮುಖವಷ್ಟೇ ವುಡ್‌ನ ವಿನ್ಯಾಸ. ಹಿಂದಿನ ಮನೆಯನ್ನು ಕೊಂಡವರು ತಮಗೆ ಬೇಕಾದ ಹಾಗೆ ಕಟ್ಟಿಸಿಕೊಂಡರು. ಎಡೆದೊರೆಯ ಓಣಿಯೂ ಹೀಗೆಯೇ. ಬೀದಿಗೆ ಕಾಣುವುದು ಒಂದೇ ಎತ್ತರದ ಕಟ್ಟೆ, ಮಾಳಿಗೆಯ ಅಂಚಿಗೆ ಒಂದೇ ಮಟ್ಟದ ಕುಂಬಿ. ಒಳಗೆ ಹೋದರೆ ಒಬ್ಬರದು ಎರಡಂಕಣ, ಮತ್ತೊಬ್ಬರದು ಏಳಂಕಣ.

ಇಂಗ್ಲೆಂಡಿನಲ್ಲಿ ಗೋಡೆಯ ನಿಯಮ ಬೆಂಕಿಯ ಭಯದಿಂದ ಹುಟ್ಟಿತು. ಇಲ್ಲಿ ಮನೆಗಳು ಕೂಡಿಕೊಂಡದ್ದು ಬಿಸಿಲಿಗೆ ಮತ್ತು ದಂಡಿಗೆ ಅಂಜಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ನಾಲ್ಕು ಗೋಡೆಗೂ ಬಿಸಿಲು ಬೀಳುವ ಮನೆಯಲ್ಲಿ ಮಧ್ಯಾಹ್ನ ಕಳೆಯುವುದು ಕಷ್ಟ. ಎಡ ಬಲಕ್ಕೆ ಮನೆ ಇದ್ದರೆ ಬಿಸಿಲು ಬೀಳುವುದು ಮುಂದೆ, ಹಿಂದೆ ಮತ್ತು ಮಾಳಿಗೆಯ ಮೇಲೆ ಮಾತ್ರ. ದಂಡಿನ ಕಥೆ ಅದಕ್ಕಿಂತ ದೊಡ್ಡದು. ಈ ಎರಡು ನದಿಗಳ ನಡುವಿನ ನೆಲಕ್ಕಾಗಿ ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಇನ್ನೂರು ವರ್ಷ ಕಾದಾಡಿದರು. 1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ. 1565ರ ನಂತರ ನೆಲ ಮತ್ತೆ ಬಿಜಾಪುರದ ಕೈಗೆ ಹೋಯಿತು. ಮುದಗಲ್ಲಿನಂಥ ಕೋಟೆಯೂರಿಗೆ ಕಂದಕ, ಕೊತ್ತಲಗಳ ಕಾವಲಿತ್ತು. ಕೋಟೆ ಇಲ್ಲದ ಹಳ್ಳಿಗೆ ಅದರ ಮನೆಗಳೇ ಕೋಟೆ. ಸಾಲುಮನೆಗಳ ಹಿಂಗೋಡೆಗಳು ಒಂದಕ್ಕೊಂದು ಸೇರಿದರೆ ಅದೇ ಊರಗೋಡೆ. ಅಲ್ಲಲ್ಲಿ ಕಾವಲಿಗೆ ಒಂದು ಹುಡೇವು, ಒಳಗೆ ಬರಲು ಒಂದೋ ಎರಡೋ ಅಗಸಿ. ರಾತ್ರಿ ಅಗಸಿ ಮುಚ್ಚಿದರೆ ಊರು ಮುಚ್ಚಿದಂತೆ. ಹಿಂಗೋಡೆಗೆ ಕಿಟಕಿ ಇಡದಿರುವ ರೂಢಿಗೆ ಇದೂ ಒಂದು ಕಾರಣ.

ಮನೆಯೊಳಗಿನ ಕ್ರಮ ಬೀದಿಯಿಂದಲೇ ಶುರುವಾಗುತ್ತದೆ. ಮೊದಲು ಕಟ್ಟೆ. ಕೂತು ಮಾತಾಡುವ, ಹಾದಿಹೋಕರು ಭಾರ ಇಳಿಸುವ, ಸಂಜೆ ಮಕ್ಕಳು ಓದುವ ಜಾಗವದು. ಎಷ್ಟೋ ಬೀದಿಪಂಚಾಯಿತಿಗಳು ನಡೆದದ್ದೂ ಇದರ ಮೇಲೆಯೇ. ಕಟ್ಟೆಯ ನಡುವೆ ತಲೆಬಾಗಿಲು. ದಪ್ಪ ಚೌಕಟ್ಟು, ಎತ್ತರದ ಹೊಸ್ತಿಲು, ತಗ್ಗಿಸಿಕೊಂಡೇ ಒಳಗೆ ಹೋಗಬೇಕಾದಷ್ಟು ಗಿಡ್ಡ ಬಾಗಿಲು. ಒಳಗೆ ಕಾಲಿಟ್ಟ ಕೂಡಲೇ ಒಂದು ಮೆಟ್ಟಿಲಷ್ಟು ತಗ್ಗಿನಲ್ಲಿ ದನ ಕಟ್ಟುವ ಜಾಗ. ಎತ್ತು ಎಮ್ಮೆಗಳೂ ಮನುಷ್ಯರೂ ಒಂದೇ ಬಾಗಿಲಲ್ಲಿ ಬಂದು, ಒಂದೇ ಸೂರಿನಡಿ ಮಲಗುವ ಮನೆ ಇದು. ಕಳ್ಳಕಾಕರಿಂದ ಎತ್ತು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಅದರಾಚೆ ಎತ್ತರದಲ್ಲಿ ಪಡಸಾಲೆ, ಪಡಸಾಲೆ ದಾಟಿದರೆ ನಡುಮನೆ, ಅದರ ಬದಿಗೆ ಅಡುಗೆಮನೆ, ದೇವರಮನೆ. ಗೋಡೆಯಲ್ಲಿ ದೀಪಕ್ಕೊಂದು ಮಾಡ, ಕಂಬದಿಂದ ಕಂಬಕ್ಕೆ ಸಾಮಾನಿಡುವ ನಾಗೊಂದಿಗೆ. ನೆಲದಡಿ ಜೋಳ ತುಂಬುವ ಹಗೇವು ಕೆಲವು ಮನೆಯೊಳಗೇ ಇರುತ್ತದೆ, ಕೆಲವು ಕಡೆ ಮನೆಯ ಮುಂದೆ.

ಹೊರಗಿನ ಬಿಸಿಲಿನಿಂದ ಬಂದವರಿಗೆ ನಡುಮನೆ ಮೊದಲು ಬರೀ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಮಾಳಿಗೆಯಲ್ಲಿ ತೆಗೆದ ಗವಾಕ್ಷಿ ಕಾಣುತ್ತದೆ. ಒಂದಡಿ ಒಂದೂವರೆ ಅಡಿ ಚೌಕದ ಕಿಂಡಿ. ಅದರಿಂದ ಇಳಿಯುವ ಬಿಸಿಲಕೋಲು ಬೆಳಿಗ್ಗೆ ಒಂದು ಗೋಡೆಯ ಮೇಲಿದ್ದು, ಮಧ್ಯಾಹ್ನ ನೆಲಕ್ಕಿಳಿದು, ಸಂಜೆ ಎದುರಿನ ಗೋಡೆ ಹತ್ತುತ್ತದೆ. ಗಡಿಯಾರ ಇಲ್ಲದ ಕಾಲದಲ್ಲಿ ಹೆಣ್ಣುಮಕ್ಕಳು ಒಲೆ ಹಚ್ಚುವ ಹೊತ್ತನ್ನು ಅದರಿಂದಲೇ ಗುರುತಿಸುತ್ತಿದ್ದರು. ಎಡಬಲ ಗೋಡೆಗಳು ಪಕ್ಕದ ಮನೆಯವರ ಜೊತೆ ಹಂಚಿಕೊಂಡವಾದ್ದರಿಂದ ಅಲ್ಲಿ ಕಿಟಕಿ ಇಡಲು ಬರುವುದಿಲ್ಲ. ಬೆಳಕೂ ಗಾಳಿಯೂ ಒಲೆಯ ಹೊಗೆಯೂ ಮೇಲಿನಿಂದಲೇ ಬಂದು ಹೋಗಬೇಕು. ಮಳೆ ಬಂದಾಗ ಗವಾಕ್ಷಿಯ ಮೇಲೆ ಬಂಡೆಯನ್ನೋ ಒಡೆದ ಗಡಿಗೆಯ ಬಾಯನ್ನೋ ಮುಚ್ಚಲು ಯಾರಾದರೂ ಮಾಳಿಗೆ ಹತ್ತಿ ಓಡುತ್ತಾರೆ.

ಮನೆಯ ಜೀವ ಇರುವುದು ಮಾಳಿಗೆಯಲ್ಲಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಗೇಣು ಗೇಣಿಗೊಂದು ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ ಅಥವಾ ಹಲಗೆ. ಅದರ ಮೇಲೆ ಬೇವಿನ ಸೊಪ್ಪು, ಲೆಕ್ಕಿ, ಬಂದರಿಕೆಯಂಥ ಗಿಡದ ಟೊಂಗೆಗಳನ್ನು ಒತ್ತಾಗಿ ಹಾಸುತ್ತಾರೆ. ಬೇವಿನ ಕಹಿಗೆ ಗೆದ್ದಲು ಬೇಗ ಹತ್ತಿರ ಬರುವುದಿಲ್ಲ. ಸೊಪ್ಪಿನ ಮೇಲೆ ಕಲಸಿದ ಮಣ್ಣು ಹಾಕಿ, ತುಳಿದು, ಬಡಿದು ಗಟ್ಟಿ ಮಾಡುತ್ತಾರೆ. ಎಲ್ಲಕ್ಕಿಂತ ಮೇಲಿನ ಪದರ ಸವಳು ಮಣ್ಣಿನದು. ನೀರು ನಿಲ್ಲದಂತೆ ಒಂದು ಕಡೆಗೆ ತುಸುವೇ ಇಳಿಜಾರು ಕೊಟ್ಟು, ಕುಂಬಿಯ ಕಂಡಿಯಿಂದ ಹೊರಗೆ ಚಾಚಿದ ದೋಣಿಗೆ ನೀರು ಸೇರುವಂತೆ ಮಾಡುತ್ತಾರೆ. ಕಲ್ಲಿನ ದೋಣಿಯೋ ತಗಡಿನದೋ, ಅದು ಗೋಡೆಯಿಂದ ಒಂದು ಮೊಳವಾದರೂ ಮುಂದೆ ಇರಬೇಕು. ಇಲ್ಲದಿದ್ದರೆ ಮಾಳಿಗೆಯ ನೀರು ಗೋಡೆಯ ಬುಡಕ್ಕೇ ಬೀಳುತ್ತದೆ.

ಈ ಮಾಳಿಗೆಯ ಭಾರವನ್ನು ಲೆಕ್ಕ ಹಾಕಿ ನೋಡಬಹುದು. ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಅಂಕಣ. ಅದರ ಮೇಲೆ ಮುಕ್ಕಾಲು ಅಡಿ ಮಣ್ಣು ಎಂದರೆ 75 ಘನ ಅಡಿ. ಬಡಿದು ಗಟ್ಟಿಯಾದ ಮಣ್ಣು ಘನ ಅಡಿಗೆ ಸುಮಾರು 48 ಕಿಲೋ ತೂಗುತ್ತದೆ. ಒಟ್ಟು 3,600 ಕಿಲೋ, ಅಂದರೆ ಹೆಚ್ಚುಕಡಿಮೆ 36 ಜೋಳದ ಚೀಲಗಳ ಭಾರ ಒಂದೇ ಅಂಕಣದ ಮೇಲೆ. ಐದಂಕಣದ ಮನೆಯ ತಲೆಯ ಮೇಲೆ 18 ಟನ್. ಮಳೆ ಹಿಡಿದು ಮಣ್ಣು ನೆನೆದರೆ ಭಾರ ಇನ್ನೂ ಹೆಚ್ಚುತ್ತದೆ. ಇಷ್ಟನ್ನು ಬರೀ ಮಣ್ಣಿನ ಗೋಡೆಯ ಮೇಲೆ ಹೊರಿಸುವುದು ಅಪಾಯವೆಂದು ಬಲ್ಲ ಒಕ್ಕಲಿಗರು, ಕೈಯಲ್ಲಿ ಕಾಸಿದ್ದರೆ, ಗೋಡೆಗೆ ತಾಗಿಸಿಯೂ ಕಂಬ ನಿಲ್ಲಿಸುತ್ತಿದ್ದರು. ಆಗ ಭಾರವೆಲ್ಲ ಕಂಬದ ಮೂಲಕ ನೆಲಕ್ಕಿಳಿಯುತ್ತದೆ. ಗೋಡೆ ಕುಸಿದರೂ ಮಾಳಿಗೆ ನಿಂತಿರುತ್ತದೆ, ಗೋಡೆಯನ್ನಷ್ಟೇ ಮತ್ತೆ ಎತ್ತಬಹುದು. ಎಂಜಿನಿಯರಿಂಗ್ ಪುಸ್ತಕ ಓದದ ಬಡಿಗರು ಕಂಡುಕೊಂಡ ಈ ಉಪಾಯ ಮೆಚ್ಚಿಕೊಳ್ಳಲೇಬೇಕಾದದ್ದು.

ಸವಳು ಮಣ್ಣು ನೀರನ್ನು ಹೇಗೆ ತಡೆಯುತ್ತದೆ ಎನ್ನುವುದಕ್ಕೆ ಸರಳ ಕಾರಣವಿದೆ. ಸಾಮಾನ್ಯ ಮಣ್ಣಿನ ಕಣಗಳು ಹರಳು ಹರಳಾಗಿ ಕೂಡಿಕೊಂಡು ನಡುವೆ ಸಂದು ಬಿಡುತ್ತವೆ, ನೀರು ಆ ಸಂದಿನಲ್ಲಿ ಇಳಿಯುತ್ತದೆ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದ ಕೂಡಲೇ ಅದರ ಜೇಡಿಕಣಗಳು ಒಂದರಿಂದ ಒಂದು ಬಿಡಿಸಿಕೊಂಡು, ಉಬ್ಬಿ, ಸಂದುಗಳನ್ನು ತುಂಬಿಬಿಡುತ್ತವೆ. ಮೊದಲ ಮಳೆಗೆ ಒಂದು ತೆಳು ಪದರ ನೆನೆದು ಮುಚ್ಚಿಕೊಂಡರೆ ಆಮೇಲಿನ ನೀರು ಮೇಲೆಯೇ ಹರಿದು ಹೋಗುತ್ತದೆ. ಒಣಗಿದಾಗ ಬಿರುಕು ಬಿಟ್ಟರೂ ಮುಂದಿನ ಮಳೆ ಆ ಬಿರುಕನ್ನು ತಾನೇ ಮುಚ್ಚುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಬಿಡುವು ಬಿಡುವಾಗಿ ಬೀಳುವ ಸೀಮೆಗೆ ಇದು ಸಾಕು. ಮುಂಗಾರಿಗೆ ಮುಂಚೆ, ರೋಹಿಣಿ ಮಿರಗದ ಹೊತ್ತಿಗೆ, ಊರ ಹೊರಗಿನ ಸವಳಿನಿಂದ ಬುಟ್ಟಿಗಟ್ಟಲೆ ಮಣ್ಣು ತಂದು ಮಾಳಿಗೆಗೆ ಹೊಸ ಪದರ ಹಾಕುವುದು ಪ್ರತಿ ಮನೆಯ ವರುಷದ ಕೆಲಸ. ಒಂದು ವರ್ಷ ತಪ್ಪಿದರೆ ಸೋರುತ್ತದೆ, ಮೂರು ವರ್ಷ ತಪ್ಪಿದರೆ ಜಂತಿ ಕೊಳೆಯುತ್ತದೆ.

ಇದೇ ಸವಳು ಸಿಂಧನೂರು ಸೀಮೆಯ ಹೊಲಗಳಲ್ಲಿ ದೊಡ್ಡ ಸಂಕಟವಾಗಿದೆ. ಕಾಲುವೆಯ ನೀರು ಹೆಚ್ಚಾಗಿ ನಿಂತು ನೆಲದಡಿಯ ಉಪ್ಪು ಮೇಲೆ ಬಂದ ಭೂಮಿಯಲ್ಲಿ ಬೆಳೆ ಏಳುವುದಿಲ್ಲ. ನೀರನ್ನು ಒಳಗೆ ಬಿಡದ ಗುಣ ಮಾಳಿಗೆಗೆ ವರ, ಬೇರಿಗೆ ಶಾಪ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಸುಧಾರಣೆಯ ಕುರಿತು ದಶಕಗಳಿಂದ ಕೆಲಸ ನಡೆದಿರುವುದು ಈ ಕಾರಣಕ್ಕೇ.

ಗೋಡೆಯ ವಿಷಯದಲ್ಲಿ ಮೂರು ತಾಲ್ಲೂಕುಗಳೂ ಒಂದೇ ಅಲ್ಲ. ಮಸ್ಕಿ, ಲಿಂಗಸುಗೂರಿನ ಕಡೆ ಗುಡ್ಡಗಳು ಹತ್ತಿರ, ಕಲ್ಲಿಗೆ ಬರವಿಲ್ಲ. ಒಳಗೂ ಹೊರಗೂ ಕಲ್ಲು ಜೋಡಿಸಿ, ನಡುವೆ ಚೂರುಕಲ್ಲು ಮತ್ತು ಮಣ್ಣು ತುಂಬಿ, ಎರಡು ಮೊಳದವರೆಗೆ ದಪ್ಪದ ಗೋಡೆ ಎತ್ತುತ್ತಾರೆ. ಸಿಂಧನೂರಿನ ಸುತ್ತ ಹೆಚ್ಚಿನದು ಎರೆ ಭೂಮಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಆದ್ದರಿಂದ ಅಲ್ಲಿ ಎರೆಯನ್ನು ತೆಗೆದು ಗರಸು ಸಿಗುವವರೆಗೆ ಅಗೆದು ಪಾಯ ಹಾಕಬೇಕು. ಮಣ್ಣಿನ ಗಾರೆಯ ಗೋಡೆಗೆ ಒಂದು ಒಳ್ಳೆಯ ಗುಣ ಇದೆ. ನೆಲ ತುಸು ಸರಿದಾಗ ಸಿಮೆಂಟಿನ ಹಾಗೆ ಮೇಲಿನಿಂದ ಕೆಳಗೆ ಸೀಳಿಕೊಳ್ಳದೆ, ಸಣ್ಣ ಸಣ್ಣ ಬಿರುಕಾಗಿ ಹಂಚಿಕೊಳ್ಳುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಹೀರಿ ಒಳಗೆ ಬಿಡಲು ಎಂಟು ಹತ್ತು ತಾಸು ತೆಗೆದುಕೊಳ್ಳುತ್ತದೆ. ಮಧ್ಯಾಹ್ನದ ಝಳ ಒಳಗೆ ಮುಟ್ಟುವ ಹೊತ್ತಿಗೆ ಮನೆಯವರು ಮಾಳಿಗೆ ಹತ್ತಿ ಚಾಪೆ ಹಾಸಿರುತ್ತಾರೆ. ಬೇಸಿಗೆಯ ರಾತ್ರಿ ಇಡೀ ಓಣಿ ಮಲಗುವುದು ಮಾಳಿಗೆಯ ಮೇಲೆ. ಒಂದು ಮನೆಯಿಂದ ಇನ್ನೊಂದಕ್ಕೆ ಇರುವುದು ಮೊಣಕಾಲೆತ್ತರದ ಕುಂಬಿ ಮಾತ್ರ. ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಒಣಗಿಸುವುದು ಅಲ್ಲೇ, ಒಬ್ಬರ ಸಂಡಿಗೆಯನ್ನು ಇನ್ನೊಬ್ಬರು ಕಾಯುವುದೂ ಅಲ್ಲೇ.

ನಡುವಿನ ಗೋಡೆಗೆ ಖರೀದಿಪತ್ರಗಳಲ್ಲಿ ಸಾಮಾಯಿಕ ಗೋಡೆ ಎಂಬ ಮಾತು ಬರುತ್ತದೆ. ಚೆಕ್ಕುಬಂದಿ ಬರೆಯುವಾಗ ಇಂಥ ಕಡೆ ಇಂಥವರ ಮನೆ, ನಡುವೆ ಸಾಮಾಯಿಕ ಗೋಡೆ ಎಂದು ನಮೂದಿಸಿದರೆ ಆ ಗೋಡೆ ಇಬ್ಬರದು. ಎರಡೂ ಕಡೆಯ ತೊಲೆಗಳು ಅದರ ಮೇಲೆ ಊರಿರುತ್ತವೆ, ದುರಸ್ತಿ ಇಬ್ಬರ ಪಾಲಿನದು. ಇಂಥ ಗೋಡೆಯನ್ನು ಒಬ್ಬರೇ ಕೆಡವುವಂತಿಲ್ಲ. ಕೂಡಿ ಬಾಳಬೇಕಾದ ಅನಿವಾರ್ಯ ಕಲ್ಲುಮಣ್ಣಿನಲ್ಲೇ ಬರೆದಿರುವ ಈ ಏರ್ಪಾಡಿನಿಂದ ಜಗಳಗಳೂ ಹುಟ್ಟಿವೆ, ನಂಟೂ ಉಳಿದಿದೆ.

ಈ ಸೀಮೆಗೆ ಇದಕ್ಕೆ ತೀರ ಬೇರೆಯಾದ ಒಂದು ಮನೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ದಂಡಿನ ಜೊತೆ. ಹೈದರಾಬಾದ್ ಕಂಟಿಂಜೆಂಟ್ ಎಂಬ ಹೆಸರಿನ, ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಸೇನೆಯ ಒಂದು ಠಾಣೆ ಲಿಂಗಸುಗೂರಿನಲ್ಲಿತ್ತು. ಹಳೆ ಊರು ಕಸಬಾ ಲಿಂಗಸುಗೂರು, ದಂಡು ಇಳಿದ ಜಾಗ ಛಾವಣಿ. ಕನ್ನಡದಲ್ಲಿ ಸೂರಿಗೂ ಛಾವಣಿ ಎನ್ನುತ್ತೇವೆ, ದಂಡಿನ ನೆಲೆಗೂ ಛಾವಣಿ ಎನ್ನುತ್ತೇವೆ. ಎರಡೂ ನೆರಳು ಕೊಡುವ ಹೊದಿಕೆಯ ಅರ್ಥದಿಂದಲೇ ಬಂದ ಮಾತುಗಳು. 1853ರ ಒಪ್ಪಂದದಲ್ಲಿ ಕಂಟಿಂಜೆಂಟಿನ ಬಾಕಿಗಾಗಿ ನಿಜಾಮರು ಬೇರಾರ್, ಧಾರಾಶಿವದ ಜೊತೆಗೆ ಈ ಎಡೆದೊರೆಯನ್ನೂ, ಅಂದರೆ ರಾಯಚೂರು ದೋಆಬನ್ನೂ, ಬ್ರಿಟಿಷರ ಆಡಳಿತಕ್ಕೆ ಬಿಟ್ಟುಕೊಟ್ಟರು. 1860ರಲ್ಲಿ ದೋಆಬು ಹೈದರಾಬಾದಿಗೆ ಮರಳಿತು. ಆಮೇಲೆ ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿ ರಾಯಚೂರು, ಗುಲಬರ್ಗಾ ಜಿಲ್ಲೆಗಳಿಗೆ ಹಂಚಿದರು.

ದಂಡಿನ ಅಧಿಕಾರಿಗಳು ಕಟ್ಟಿಸಿಕೊಳ್ಳುತ್ತಿದ್ದ ಮನೆಯ ಮೂಲ ಅದೇ ಜಾರ್ಜಿಯನ್ ಕಾಲದ ಅಭಿರುಚಿ. ಎರಡೂ ಬದಿ ಸರಿಸಮನಾಗಿರುವ ಮುಖ, ನಡುವೆ ಬಾಗಿಲು, ಅಳತೆಯ ಕಿಟಕಿಗಳು, ಗ್ರೀಕ್ ಮಾದರಿಯ ಗುಂಡುಕಂಬ. ಈ ಶೈಲಿಯ ದೊಡ್ಡ ಮಾದರಿ ಹೈದರಾಬಾದಿನ ಕೋಠಿಯ ರೆಸಿಡೆನ್ಸಿ. ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ರೆಸಿಡೆಂಟನಾಗಿದ್ದಾಗ, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ, ಮದ್ರಾಸ್ ಎಂಜಿನಿಯರ್ಸ್‌ನ ಸ್ಯಾಮ್ಯುಯೆಲ್ ರಸೆಲ್ ಕಟ್ಟಿಸಿದ್ದು. ಅಷ್ಟು ವೈಭವ ಸಣ್ಣ ಠಾಣೆಗಳಿಗೆ ಬರಲಿಲ್ಲ. ಅಲ್ಲಿ ಬಂದದ್ದು ಬಂಗಲೆ: ಸುತ್ತ ಕಾಂಪೌಂಡು, ನಡುವೆ ಒಂಟಿ ಮನೆ, ನಾಲ್ಕು ಕಡೆಗೂ ಕಿಟಕಿ, ಮುಂದೆ ವರಾಂಡ, ಎತ್ತರದ ಚಾವಣಿ, ದನಕ್ಕೆ ಕುದುರೆಗೆ ಆಳುಕಾಳಿಗೆ ದೂರದಲ್ಲಿ ಬೇರೆ ಬೇರೆ ಜಾಗ. ಇಂಗ್ಲೆಂಡಿನ ಪಟ್ಟಣದಲ್ಲಿ ಗೋಡೆ ಹಂಚಿಕೊಂಡು ಬದುಕುತ್ತಿದ್ದವರು ಇಲ್ಲಿಗೆ ಬಂದು ಯಾರ ಗೋಡೆಗೂ ತಾಗದ ಮನೆ ಕಟ್ಟಿಕೊಂಡರು. ಗಾಳಿ ಬೇಕಿತ್ತು, ರೋಗದ ಹೆದರಿಕೆಯಿತ್ತು, ಊರಿನವರಿಂದ ಅಂತರವೂ ಬೇಕಿತ್ತು. ಹತ್ತಿರದ ಸುರಪುರದಲ್ಲಿ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಈ ಬಗೆಯ ಮನೆಗಳಲ್ಲಿ ಹೆಸರಾದದ್ದು. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ, 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆಯದು.

ಬಂಗಲೆ ನೋಡಿದ ಊರು ತನ್ನ ಮನೆಯನ್ನು ಕೂಡಲೇ ಬದಲಿಸಲಿಲ್ಲ. ಬದಲಾವಣೆ ತಂದದ್ದು ರೈಲು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ ಹೊರಗಿನ ಸಾಮಾನು ಅಗ್ಗವಾಗಿ ಬರತೊಡಗಿತು. ಶಹಾಬಾದಿನ ಫರಸಿ ನೆಲಕ್ಕೆ ಬಂತು. ಉಳ್ಳವರ ಮನೆಯ ಮಾಳಿಗೆಗೆ ತೊಲೆಯ ಬದಲು ಕಬ್ಬಿಣದ ಕಂಬಿ, ಸೊಪ್ಪುಮಣ್ಣಿನ ಬದಲು ಬಂಡೆ ಮತ್ತು ಗಚ್ಚು ಬಂದವು. ಕೆಲವು ವಾಡೆಗಳ ಮುಂಗೋಡೆಗೆ ಕಮಾನು, ಗುಂಡುಕಂಬ, ಬಣ್ಣದ ಗಾಜು ಕೂತವು. ಆದರೂ ಎಡಬಲದ ಗೋಡೆ ಸಾಮಾಯಿಕವಾಗಿಯೇ ಉಳಿಯಿತು.

ಅದನ್ನು ಮುರಿದದ್ದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು ಜೋಳದ ಊರಾಗಿದ್ದದ್ದು ಭತ್ತದ ಪಟ್ಟಣವಾಯಿತು. ಆಂಧ್ರದಿಂದ ಬಂದ ರೈತರು ಕಾಲುವೆಯುದ್ದಕ್ಕೂ ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಕ್ಯಾಂಪುಗಳಾದವು. ಕ್ಯಾಂಪಿನ ಮನೆಗೆ ತನ್ನದೇ ಅಂಗಳ, ತನ್ನದೇ ನಾಲ್ಕು ಗೋಡೆ. ಅಕ್ಕಿ ಗಿರಣಿಗಳು, ಸಾಲದ ಸೌಲಭ್ಯ, ಸಿಮೆಂಟಿನ ಅಂಗಡಿ ಒಟ್ಟಿಗೇ ಬೆಳೆದವು. ಕಂಬಿ ಕಾಂಕ್ರೀಟಿನ ಸ್ಲ್ಯಾಬ್ ಹಾಕಿಸುವುದು ಒಂದು ಒಳ್ಳೆಯ ಬೆಳೆಯ ಗುರುತಾಯಿತು. ಅದರಲ್ಲಿ ತಪ್ಪೇನಿಲ್ಲ. ಪ್ರತಿವರ್ಷ ಬುಟ್ಟಿಗಟ್ಟಲೆ ಸವಳು ಹೊತ್ತು ಮಾಳಿಗೆ ಹತ್ತಿದ ಹೆಂಗಸರ ಸೊಂಟಕ್ಕೆ ಸ್ಲ್ಯಾಬ್ ನಿಜವಾದ ಬಿಡುಗಡೆ. ಚೇಳು, ಹಾವು, ಹೆಗ್ಗಣ, ಕತ್ತಲೆ, ಒಲೆಯ ಹೊಗೆ ಇವನ್ನೆಲ್ಲ ಅನುಭವಿಸಿದವರು ಅವರೇ.

ತೊಂದರೆ ಆಗುವುದು ಸಾಲಿನಲ್ಲಿ ಒಬ್ಬರು ಕೆಡವಿ ಕಟ್ಟಿದಾಗ. ಹೊಸ ಮನೆಯವರು ಸಾಮಾಯಿಕ ಗೋಡೆಯನ್ನು ಮುಟ್ಟದೆ ಅದರ ಪಕ್ಕ ತಮ್ಮದೇ ಒಂಬತ್ತಿಂಚಿನ ಗೋಡೆ ಎತ್ತುತ್ತಾರೆ. ಎರಡರ ನಡುವೆ ಗೇಣು ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಬಿದ್ದ ಮಳೆ ಒಣಗುವುದಿಲ್ಲ, ಗುಡಿಸಲು ಕೈ ಹೋಗುವುದಿಲ್ಲ, ಹಳೆಯ ಗೋಡೆ ಒಳಗಿನಿಂದ ಮೆತ್ತಗಾಗುತ್ತದೆ. ಇನ್ನೂ ಕೆಟ್ಟದ್ದು, ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದವರ ಬೀಗ ಹಾಕಿದ ಮನೆ. ಅದರ ಮಾಳಿಗೆಗೆ ಸವಳು ಹಾಕುವವರಿಲ್ಲ. ಮೂರನೆಯ ಮಳೆಗಾಲಕ್ಕೆ ಜಂತಿ ಮುರಿದು ಮಾಳಿಗೆ ಒಳಗೆ ಬೀಳುತ್ತದೆ. ಆಮೇಲೆ ಮೇಲಿನಿಂದ ಮಳೆ ಕುಡಿಯುವ ಗೋಡೆಯ ಇನ್ನೊಂದು ಮಗ್ಗುಲಲ್ಲಿ ಪಕ್ಕದ ಮನೆಯವರು ಮಲಗಿರುತ್ತಾರೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದವರಿಗೂ ಇದೇ ಪಾಡು. ಮಣ್ಣು ಕುಡಿದ ನೀರನ್ನು ಹೊರಗೆ ಬಿಡಬೇಕು. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ, ಕೆಲವು ವರ್ಷಕ್ಕೆ ಗಿಲಾವು ಹಾಳೆ ಹಾಳೆಯಾಗಿ ಕಳಚುತ್ತದೆ, ಅದರೊಂದಿಗೆ ಗೋಡೆಯ ಚರ್ಮವೂ.

2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆ ಈ ದೌರ್ಬಲ್ಯಗಳನ್ನೆಲ್ಲ ಒಮ್ಮೆಗೇ ತೋರಿಸಿತು. ರಾಯಚೂರು ಜಿಲ್ಲೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು, ಅವರಲ್ಲಿ ಹಲವರು ಗೋಡೆ ಮಾಳಿಗೆ ಬಿದ್ದು ತೀರಿಕೊಂಡವರು. ಸವಳು ಪದರ ಒಂದು ದಿನದ ಮಳೆಯನ್ನು ತಡೆಯುತ್ತದೆ, ಒಣಗಲು ಬಿಡುವೇ ಕೊಡದ ಮಳೆಯನ್ನು ತಡೆಯಲಾರದು. ಭಾರ ಏರುತ್ತ ಹೋಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತ ಹೋಗುತ್ತದೆ. ಸರ್ಕಾರ ಆಸರೆ ಯೋಜನೆಯಲ್ಲಿ ಹೊಸ ಊರುಗಳನ್ನು ಕಟ್ಟಿತು. ಚೌಕಟ್ಟಾದ ಬೀದಿ, ನಡುವೆ ಜಾಗ ಬಿಟ್ಟ ಒಂಟಿ ಮನೆಗಳು. ದನ ಕಟ್ಟಲು ಜಾಗವಿಲ್ಲ, ಕಾಳು ಹರವಲು ಮಾಳಿಗೆಯಿಲ್ಲ ಎಂದು ಇಂಥ ಮನೆಗಳಿಗೆ ಹೋಗದೆ ಹಳೆ ಊರಿನಲ್ಲೇ ಉಳಿದವರೂ ಇದ್ದಾರೆ.

ಸಂರಕ್ಷಣೆಯ ಮಾತು ಬಂದಾಗ ಎರಡು ದೇಶಗಳ ನಡುವಿನ ಅಂತರ ಕಣ್ಣಿಗೆ ಹೊಡೆಯುತ್ತದೆ. ಬ್ರಿಟನ್ನಿನಲ್ಲಿ 1947ರ ನಗರ ಯೋಜನಾ ಕಾನೂನಿನಿಂದ ಕಟ್ಟಡಗಳ ಪಟ್ಟಿ ಮಾಡುವ ಕೆಲಸ ಶುರುವಾಯಿತು. ಇಂಗ್ಲೆಂಡಿನಲ್ಲಿ ಅವಕ್ಕೆ ಮೂರು ದರ್ಜೆ. ಪಟ್ಟಿಯಲ್ಲಿರುವ ಸಾಲುಮನೆಯ ಒಡೆಯ ಅದರಲ್ಲಿ ವಾಸವಿರಬಹುದು, ಮಾರಬಹುದು; ಅದರ ಸ್ವರೂಪ ಬದಲಾಗುವಂಥ ಕೆಲಸಕ್ಕೆ ಮಾತ್ರ ಒಪ್ಪಿಗೆ ಬೇಕು. ಜನ ವಾಸಿಸುವ ಮನೆಯೂ ಸ್ಮಾರಕ ಎಂದು ಆ ಕಾನೂನು ಒಪ್ಪಿಕೊಳ್ಳುತ್ತದೆ. ಇಲ್ಲಿ ಕೇಂದ್ರದ 1958ರ ಕಾನೂನೂ ರಾಜ್ಯದ 1961ರ ಕಾನೂನೂ ನೂರು ವರ್ಷ ದಾಟಿದ ಸ್ಮಾರಕಗಳನ್ನು ರಕ್ಷಿಸುತ್ತವೆ. ನೂರು ದಾಟಿದ ಮಾಳಿಗೆ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಈ ಕಾನೂನುಗಳ ಕಣ್ಣು ಕೋಟೆ, ಗುಡಿ, ಮಸೀದಿ, ಸಮಾಧಿ, ಶಾಸನಗಳ ಕಡೆಗೆ.

ಮಸ್ಕಿಯಲ್ಲಿ ಇದು ಎದ್ದು ಕಾಣುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಗುಡ್ಡದ ಬಂಡೆಯೊಂದರ 
ಮೇಲೆ ಅಶೋಕನ ಶಾಸನವನ್ನು ಗುರುತಿಸಿದ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಅದರಲ್ಲಿ ಇದ್ದುದರಿಂದ ಮಸ್ಕಿ ಜಗತ್ತಿಗೆ ಗೊತ್ತಾಯಿತು. 1954ರಲ್ಲಿ ಬಿ. ಕೆ. ಥಾಪರ್ ಇಲ್ಲಿ ಉತ್ಖನನ ನಡೆಸಿ, ತಾಮ್ರಶಿಲಾಯುಗದಿಂದ ಈಚೆಗೆ ಜನ ಇಲ್ಲಿ ನೆಲೆಸಿದ್ದನ್ನು ತೋರಿಸಿದರು. ಶಾಸನ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿನಲ್ಲಿ ಅನುಮತಿ ಬೇಕು. ಹಳೆ ಮನೆಯ ದುರಸ್ತಿಗೂ ಅನುಮತಿ ಪಡೆಯಬೇಕು. ಬಂಡೆಯ ಮೇಲಿನ ಎಂಟು ಸಾಲುಗಳಿಗೆ ಸಿಗಬೇಕಾದ ರಕ್ಷಣೆಯೇ ಇದು. ಆ ಸಾಲುಗಳಿದ್ದ ನೆಲದಲ್ಲಿ ಮನೆ ಕಟ್ಟಿ ಬಾಳಿದ ಜನರ ಸೂರಿಗೆ ಮಾತ್ರ ಯಾವ ದರ್ಜೆಯೂ ಇಲ್ಲ.

ಇರುವ ಒಂದೇ ಸರ್ಕಾರಿ ಹೆಸರು ಕಚ್ಚಾ ಮನೆ. ವಸತಿ ಯೋಜನೆಗಳ ಪಟ್ಟಿಯಲ್ಲಿ ಮಣ್ಣಿನ ಗೋಡೆ, ಮಣ್ಣಿನ ಸೂರು ಎಂದರೆ ಕಚ್ಚಾ, ಅಂದರೆ ಬದಲಿಸಬೇಕಾದದ್ದು. ಎರಡು ಮೊಳದ ಕಲ್ಲುಗೋಡೆ, ತೇಗದ ಕಂಬದ ಮನೆಗೂ ಗುಡಿಸಲಿಗೂ ಆ ಕಲಂನಲ್ಲಿ ವ್ಯತ್ಯಾಸವಿಲ್ಲ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವಾಗಲಿ, ರಾಜ್ಯದ ಬಸವ ವಸತಿ ಯೋಜನೆಯಾಗಲಿ ಹಣ ಕೊಡುವುದು ಹೊಸ ಮನೆಗೆ. ಜಂತಿ ಬದಲಿಸಲು, ಗೋಡೆಯ ಬುಡಕ್ಕೆ ಕಲ್ಲು ಕಟ್ಟಲು, ಸಾಮಾಯಿಕ ಗೋಡೆಯನ್ನು ಇಬ್ಬರೂ ಸೇರಿ ಎತ್ತಿಸಲು ಅದರಲ್ಲಿ ದಾರಿಯಿಲ್ಲ. ಫಲಾನುಭವಿ ಒಬ್ಬ, ಮನೆ ಒಂದು, ಅಡಿಪಾಯದ ಫೋಟೊ ಒಂದು. ಸಾಲುಮನೆಯ ಲೆಕ್ಕವೇ ಬೇರೆ. ಅಲ್ಲಿ ಒಂದು ಮನೆಯ ಅರ್ಧ ಬಲ ಪಕ್ಕದ ಮನೆಯಲ್ಲಿರುತ್ತದೆ.

ಮನೆ ಕೆಡವುವಾಗ ಮೊದಲು ಕಳಚುವುದು ತಲೆಬಾಗಿಲು. ಕೆತ್ತನೆಯ ಚೌಕಟ್ಟು, ಬೋದಿಗೆ, ಕಂಬಗಳನ್ನು ಹಳೆ ಸಾಮಾನಿನ ವ್ಯಾಪಾರಿಗಳು ತೂಕಕ್ಕೋ ಲೆಕ್ಕಕ್ಕೋ ಕೊಂಡು ನಗರಗಳಿಗೆ ಸಾಗಿಸುತ್ತಾರೆ. ತೊಲೆಗಳು ಒಲೆಗೋ ಕೊಟ್ಟಿಗೆಗೋ ಹೋಗುತ್ತವೆ. ಮಾಳಿಗೆಯ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಹೊಲಕ್ಕೆ ಹಾಕುತ್ತಾರೆ. ತಲೆಮಾರುಗಳ ಹೊಗೆ, ಬೂದಿ, ಸೊಪ್ಪು ಕೂಡಿದ ಆ ಮಣ್ಣು ಗೊಬ್ಬರವಾಗುತ್ತದೆ ಎಂದು ರೈತರು ಬಲ್ಲರು. ಸಾಮಾಯಿಕ ಗೋಡೆ ಮಾತ್ರ ಅಲ್ಲೇ ನಿಲ್ಲುತ್ತದೆ, ಒಂದು ಮಗ್ಗುಲಲ್ಲಿ ಹೋದ ಮನೆಯ ಮಾಡ, ಮಸಿ ಹಿಡಿದ ಅಡುಗೆಮನೆಯ ಗುರುತು, ಜಂತಿ ಕಿತ್ತ ತೂತುಗಳನ್ನು ಬೀದಿಗೆ ತೋರಿಸುತ್ತ, ಇನ್ನೊಂದು ಮಗ್ಗುಲಲ್ಲಿ ಪಕ್ಕದ ಮನೆಯ ಮಾಳಿಗೆಯನ್ನು ಹೊತ್ತುಕೊಂಡು.